ಓಣಿಯ ಹುಲ್ಲು

೫ ನವೆಂಬರ್ ೨೦೧೭, ಭಾನುವಾರ
(ಡೈರಿಯ ಮೊದಲ ಪುಟವನ್ನು ಶುಭಕ್ಕೆಂದು ಖಾಲಿ ಬಿಟ್ಟಿದ್ದೆ. ಇವತ್ತು ತುಂಬಿಸುತ್ತಿದ್ದೇನೆ.)

ಒಟ್ಟು ಖರ್ಚು ಹೀಗೆ. ಒಣಮೀನಿನ ಗೊಬ್ಬರ ಹದಿನೆಂಟು ಚೀಲ, ಪೂರಾ ನಷ್ಟ. ನೆಲಗಡಲೆ ಹಿಂಡಿ, ಕರಿಬೆಲ್ಲ, ಕಡಲೆಹಿಟ್ಟು, ಸೆಗಣಿ ಎಲ್ಲ ಸೇರಿ ಮೂವತ್ತೊಂದು ಸಾವಿರದ ಚಿಲ್ಲರೆ. ನೀಲಿ ಡ್ರಮ್ಮು ಆರು; ಈಗ ಡ್ರಮ್ಮು ಎಂದು ಕರೆಯಬಹುದಾದದ್ದು ಮೂರು. ಇಬ್ರಾಹಿಮನ ಪಿಕಪ್ಪಿನ ಬಾಡಿಗೆ, ಅರ್ಧ ಕೊಟ್ಟಿದ್ದೇನೆ. ಉಳಿದರ್ಧದ ಮಾತೆತ್ತಿದರೆ ಬೈಯುತ್ತಾನೆ. ಸಿಮೆಂಟಿನ ತೊಟ್ಟಿ ಒಂದು. ನನ್ನ ಬಚ್ಚಲಿನ ಗೋಡೆ. ಬಟ್ಯನ ಬಾಳೆ, ಇಡೀ ತೋಟ. ಬಟ್ಯನ ಬಲಗಾಲು. ನನ್ನ ಮಾತು, ಸುಮಾರು ಒಂದು ತಿಂಗಳು.

ಕಾಲಿಗೂ ಮಾತಿಗೂ ರೂಪಾಯಿಯ ಸಾಲಿನಲ್ಲಿ ಎಂತ ಬರೆಯುವುದೆಂದು ತಿಳಿಯದೆ ಗೆರೆ ಎಳೆದು ಬಿಟ್ಟಿದ್ದೇನೆ.

೪ ಜೂನ್ ೨೦೧೭, ಭಾನುವಾರ

ವನ ಸಂರಕ್ಷಣಾ ಸಮಿತಿಯ ಸಭೆಯಲ್ಲಿ ಇವತ್ತು ಗೆದ್ದವನು ನಾನು. ತಲೆಯ ಮೇಲೆ ಹಿಂಡಿಯ ಮೂಟೆ ಹೊತ್ತು ಅಡೂರು ಪೇಟೆಗೆ ಬಂದವನು, ಈಗ ಅದೇ ಪೇಟೆಯಲ್ಲಿ ಹಿಂಡಿಯ ಅಂಗಡಿ ಇಟ್ಟಿದ್ದೇನೆ. ಮಾತಿಗೆ ತೂಕ ಎಲ್ಲಿಂದ ಬರುತ್ತದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ವಿಷಯ ಇಷ್ಟು. ಒಂಟಿ ಆನೆಯೊಂದು ಮೂರು ವರ್ಷದಿಂದ ಕರ್ನಾಟಕದ ಕಾಡಿನಿಂದ ಗಡಿ ದಾಟಿ ನಮ್ಮ ಪಳ್ಳಮೂಲೆಗೆ ಇಳಿಯುತ್ತಿದೆ. ಪಟಾಕಿ ಸಿಡಿಸಿದರೆ ಅತ್ತ ಹೋಗಿ ಇತ್ತಲಿಂದ ಬರುತ್ತದೆ. ಆದ್ದರಿಂದ ಊರಂಚಿನ ನೀರಿನ ತೋಡಿನ ಆಚೆ, ಕಾಡು ಶುರುವಾಗುವಲ್ಲಿ ಬೋಳಾಗಿ ಬಿದ್ದ ಮೂರೆಕ್ರೆಯಲ್ಲಿ ಆನೆಗೆಂದೇ ಹುಲ್ಲು, ಬಾಳೆ, ಬಿದಿರು ಬೆಳೆಸುವುದು. ಹೊಟ್ಟೆ ಅಲ್ಲೇ ತುಂಬಿದರೆ ತೋಡು ದಾಟಲಿಕ್ಕಿಲ್ಲ ಎಂಬ ಲೆಕ್ಕ. ನೆಡುವುದು ಸಮಿತಿ. ಗೊಬ್ಬರ ಯಾರದ್ದು ಎಂಬಲ್ಲಿ ಚರ್ಚೆ.

ಫಾರೆಸ್ಟರ್ ಕೃಷ್ಣಕುಮಾರ ಮೊದಲೇ ಹೇಳಿಬಿಟ್ಟ: "ಮೂಟೆ ಗೊಬ್ಬರ ಬೇಡ. ಯೂರಿಯಾ ನೆಕ್ಕಿ ದನ ಸತ್ತದ್ದುಂಟು. ಆನೆ ಸತ್ತರೆ ನಾವೆಲ್ಲ ಒಟ್ಟಿಗೆ ಕೋರ್ಟಿಗೆ."

ಕೂಲಿ ಕೆಲಸದ ಅಪ್ಪಿ ಹಿಂದಿನ ಸಾಲಿನಿಂದ ಎದ್ದಳು. "ಗೇರುಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟದ್ದು ನಾನು ನೋಡಿದ್ದೇನೆ. ಆ ತೋಡಿನ ನೀರೇ ನನ್ನ ಬಾವಿಗೆ ಬರುವುದು. ಬಿಳಿ ಹರಳು ಹಾಕಿದರೆ ನಾನು ಸುಮ್ಮನೆ ಕೂರ್ಲಿಕ್ಕಿಲ್ಲ."

ಈ ಊರಿನಲ್ಲಿ, ಹುಟ್ಟುವ ಮಕ್ಕಳನ್ನೂ ಬಿಡದ ಆ ಗೇರಿನ ಮದ್ದಿನ ಮಾತು ಬಂದ ಮೇಲೆ ಯಾರೂ ತರ್ಕ ಮಾಡುವುದಿಲ್ಲ. ಆ ಹೊತ್ತು ನೋಡಿ ನಾನು ಎದ್ದು ನಿಂತೆ. ಮೀನು, ಹಿಂಡಿ, ಸೆಗಣಿ, ಎಲ್ಲ ನನ್ನ ಜವಾಬ್ದಾರಿ ಎಂದೆ. ನೆರೆಮನೆಯ ಬಟ್ಯ, ನನ್ನೊಟ್ಟಿಗೆ ನಾಲ್ಕನೇ ಕ್ಲಾಸು ಬಿಟ್ಟವನು, ಬಾಯಿ ಹಾಕಿದ: "ಮಾಬಲ, ಊಟ ಹಾಕುವುದು ಸರಿ. ಬಾಳೆಲೆಯಲ್ಲಿಯಾ, ಸ್ಟೀಲಿನ ತಟ್ಟೆಯಲ್ಲಿಯಾ?"

"ನಿನ್ನ ಮನೆಯ ಸಾರು ಬಡಿಸಿದರೆ ಸಾಕು, ಆನೆ ತಿರುಗಿ ಬರ್ಲಿಕ್ಕಿಲ್ಲ," ಎಂದೆ. ಸಭೆ ನಕ್ಕಿತು. ಕೆಲಸ ನನ್ನದಾಯಿತು.

ಖರ್ಚು: ಚಹಾ, ಗೋಳಿಬಜೆ, ೧೮೦. ಸಮಿತಿಯ ತಲೆಗೆ.

೧೭ ಜೂನ್, ಶನಿವಾರ

ಇಬ್ರಾಹಿಂ ಕುಂಬಳೆಯಿಂದ ಒಣಮೀನಿನ ಹುಡಿ ತಂದ. ಅವನೂ ನನ್ನ ಹಾಗೆ ಮಾತಿನಲ್ಲೇ ಮೇಲೆ ಬಂದವನು. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ನಂಬುವುದಿಲ್ಲ. ಇಪ್ಪತ್ತು ವರ್ಷದ ವ್ಯವಹಾರ ಕೆಡದೆ ಉಳಿದದ್ದು ಅದರಿಂದಲೇ.

"ಇಬ್ರಾಯಿಚ್ಚ, ಇದರಲ್ಲಿ ಮೀನೆಷ್ಟು, ಮರಳೆಷ್ಟು?"

"ಮರಳು ಫ್ರೀ ಮಾರಾಯ. ಮೀನಿಗೆ ಮಾತ್ರ ದುಡ್ಡು."

ಹುಲ್ಲಿನ ಬುಡಕ್ಕೂ ಬಾಳೆಯ ಬುಡಕ್ಕೂ ಹಾಕಿಸಿದೆವು. ಮಳೆ ಸರಿಯಾಗಿ ಹಿಡಿದಿದೆ.

ಖರ್ಚು: ಹುಡಿ ೧೮ ಚೀಲ, ಬಾಡಿಗೆ, ಆಳು ಐದು. ಬಿಲ್ಲು ಲಗತ್ತಿಸಿದೆ.

೨೦ ಜೂನ್, ಮಂಗಳವಾರ

ಹಂದಿ. ಮೀನಿನ ವಾಸನೆಗೆ ಕಾಡಿನ ಅಷ್ಟೂ ಹಂದಿ ಬಂದು ಮೂರೆಕ್ರೆ ಉತ್ತು ಹಾಕಿವೆ. ಟ್ರಾಕ್ಟರ್ ತಂದಿದ್ದರೂ ಇಷ್ಟು ಚಂದ ಆಗುತ್ತಿರಲಿಲ್ಲ. ಬಾಳೆಕಂದುಗಳು ಬೇರು ಮೇಲೆ ಮಾಡಿ ಮಲಗಿದ್ದವು.

ಬಟ್ಯ ಓಣಿಯಲ್ಲಿ ಸಿಕ್ಕಿ, "ಹಂದಿಗೆ ಬಾಳೆಲೆಯಾ ಮಾಬಲ?" ಎಂದ. ಪೇಟೆಯಲ್ಲಿ ಇಡೀ ದಿನ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕ ಹಾಗೆ ಕಂಡು ಬೇಗ ಬಾಗಿಲು ಹಾಕಿದೆ. ಊರಿನಲ್ಲಿ ಮಾತೇ ನನ್ನ ಬಂಡವಾಳ. ಅದು ಮುಳುಗಿದರೆ ಹಿಂಡಿಯೂ ಮುಳುಗುತ್ತದೆ.

ಖರ್ಚು: ಮೇಲಿನದ್ದೆಲ್ಲ ನಷ್ಟಕ್ಕೆ.

೯ ಜುಲೈ, ಭಾನುವಾರ

ಹೊಸ ಉಪಾಯ ಹಿಡಿಯಿತು. ಸೆಗಣಿ, ಗಂಜಲ, ನೆಲಗಡಲೆ ಹಿಂಡಿ, ಕರಿಬೆಲ್ಲ, ಕಡಲೆಹಿಟ್ಟು ನೀರಿನಲ್ಲಿ ಕಲಸಿ ಡ್ರಮ್ಮಿನಲ್ಲಿ ಹುಳಿ ಬರಿಸುವುದು. ನೀರಾಗಿ ಹೊಯ್ದರೆ ಮಣ್ಣು ಕುಡಿದುಬಿಡುತ್ತದೆ, ಹಂದಿಗೆ ಅಗೆಯಲು ಏನೂ ಉಳಿಯುವುದಿಲ್ಲ. ತೋಡಿನ ಆಚೆ ಡ್ರಮ್ಮು ಇಟ್ಟರೆ ಕಾಯುವವರಿಲ್ಲ. ಹಾಗಾಗಿ ಆರೂ ಡ್ರಮ್ಮು ನಮ್ಮ ಅಂಗಳದ ಬದಿಯಲ್ಲಿ, ಬಚ್ಚಲಿನ ಪಕ್ಕ. ಅಪ್ಪಿ ಬೆಳಿಗ್ಗೆ ಸಂಜೆ ಕೋಲು ಹಾಕಿ ತಿರುವುತ್ತಾಳೆ. ವಾರಕ್ಕೆರಡು ಸಲ ಇಬ್ರಾಹಿಮನ ಪಿಕಪ್ಪು ಓಣಿಯಲ್ಲಿ ಹೊರಟು, ಬಟ್ಯನ ಮನೆಯ ತಿರುವು ದಾಟಿ, ಮೋರಿಯ ಸೇತುವೆ ಹತ್ತಿ, ಸುತ್ತುಬಳಸಿ ಕಾಡಿನ ಅಂಚಿಗೆ ಹೋಗುತ್ತದೆ.

ಮುಚ್ಚಳ ಬಿಗಿದರೆ ಡ್ರಮ್ಮು ಉಬ್ಬಿ ಮದ್ದಳೆಯಾಗುತ್ತದೆ. ಅದಕ್ಕೆ ಬಾಯಿಗೆ ಗೋಣಿಚೀಲ ಕಟ್ಟುತ್ತೇವೆ. ಸ್ವಲ್ಪ ಚೆಲ್ಲುತ್ತದೆ. ಚೆಲ್ಲಲಿ, ಸೆಗಣಿ ತಾನೆ.

"ವಾಸನೆ ಪಾಯಸದ ಹಾಗುಂಟು ಅಣ್ಣ. ನನಗೇ ಒಂದು ಲೋಟ ಕುಡಿಯುವ ಅಂತ ಕಾಣ್ತದೆ," ಎಂದಳು ಅಪ್ಪಿ.

"ಕುಡಿ. ಆದರೆ ನಿನ್ನ ಕೂಲಿಯಲ್ಲಿ ಹಿಡೀತೇನೆ."

ಖರ್ಚು: ಬೆಲ್ಲ ಎರಡು ಡಬ್ಬಿ, ಹಿಂಡಿ ನಮ್ಮದೇ ಅಂಗಡಿಯದ್ದು (ಮಾರುವ ದರದಲ್ಲಿ).

೨೦ ಆಗಸ್ಟ್, ಭಾನುವಾರ

ಶುಭಕಾರ್ಯವಿಲ್ಲದ ಆಟಿ ತಿಂಗಳು ಕಳೆದ ಮೇಲೆ ಬಯಕೆ ಶಾಸ್ತ್ರ ಮುಗಿಸಿ ಮಗಳು ಮೋಕ್ಷಿತಾಳನ್ನು ಕರೆದುಕೊಂಡು ಬಂದೆವು. ಚೊಚ್ಚಲ ಹೆರಿಗೆ ತವರಿನಲ್ಲಿ. ಅಳಿಯ ವಿಜೇತ್ ಶಾರ್ಜಾದಿಂದ ದಿನಾ ವಿಡಿಯೊ ಕಾಲ್. ಡಾಕ್ಟರು ಅಕ್ಟೋಬರ್ ಕೊನೆ ಎಂದಿದ್ದಾರೆ.

ಬಂದವಳೇ ಮೂಗು ಮುಚ್ಚಿದಳು. "ಎಂತ ಅಪ್ಪ ಇದು, ಬಾಣಂತಿ ಕೋಣೆಯ ಕಿಟಕಿ ಎದುರಿಗೇ?"

"ಲಕ್ಷ್ಮಿ ಮಗಾ, ಲಕ್ಷ್ಮಿ."

"ಲಕ್ಷ್ಮಿಗೆ ಮುಚ್ಚಳ ಇಲ್ವಾ?"

ತೋಡಿನಾಚೆ ಹುಲ್ಲು ಸೊಂಟದವರೆಗೆ ಬಂದಿದೆ. ಫಾರೆಸ್ಟರ್ ಫೋಟೊ ಹೊಡೆದುಕೊಂಡು ಹೋದ.

ಖರ್ಚು: ಬಯಕೆಯದ್ದು ಬೇರೆ ಪುಸ್ತಕದಲ್ಲಿ.

೩೦ ಆಗಸ್ಟ್, ಬುಧವಾರ

ಆನೆ ಬಂತು! ತೋಡಿನಾಚೆಯೇ ನಿಂತು ಅರ್ಧ ಎಕ್ರೆ ಹುಲ್ಲು ತಿಂದು ಲದ್ದಿ ಹಾಕಿ ತಿರುಗಿ ಹೋಗಿದೆ. ತೋಡಿಗೆ ಕಾಲಿಡಲಿಲ್ಲ. ನನ್ನ ಲೆಕ್ಕ ಸರಿಯಾಯಿತು. ಪೇಟೆಯಲ್ಲಿ ಎಷ್ಟು ಸಲ ಹೇಳಿದೆನೋ, ಮಧ್ಯಾಹ್ನಕ್ಕೆ ಗಂಟಲು ಕಟ್ಟಿತು.

ಹೋಗಿ ನೋಡಿದಾಗ ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆ ಇತ್ತು. ನನ್ನ ಎರಡೂ ಪಾದ ಅದರೊಳಗೆ ಇಟ್ಟು ನಿಂತೆ. ಸುತ್ತ ಜಾಗ ಉಳಿಯಿತು. ತಮಾಷೆಗೆ ಇಟ್ಟದ್ದು, ಆದರೆ ಕೂಡಲೇ ಹೊರಗೆ ಬಂದೆ.

ಖರ್ಚು: ಇಲ್ಲ.

೧೧ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಬಟ್ಯ ಸೊಸೈಟಿಗೆ ಹಾಲು ಒಯ್ಯುತ್ತಿದ್ದ. ಓಣಿಯ ತಿರುವಿನಲ್ಲಿ, ಅವನದೇ ಮನೆಯಿಂದ ಒಂದು ಕೂಗಿನ ದೂರದಲ್ಲಿ, ಆನೆ. ಓಣಿಗೆ ಎರಡೂ ಬದಿ ಎತ್ತರದ ಮಣ್ಣಿನ ದರೆ. ತಿರುಗಿ ಓಡಲು ಹೊತ್ತಿರಲಿಲ್ಲ, ದರೆ ಹತ್ತಿ ಆಚೆ ಹಾರಿದ್ದಾನೆ. ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿದಿದೆ. ಆನೆ ಅವನನ್ನು ಏನೂ ಮಾಡಲಿಲ್ಲ. ಚೆಲ್ಲಿದ ಹಾಲನ್ನು ಮೂಸಿ ಹಿಂದೆ ಹೋಯಿತಂತೆ.

ಕಾಸರಗೋಡಿಗೆ ನಾನೇ ಸೇರಿಸಿದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು: "ಓಣಿಗೆ ಎಂತಕ್ಕೆ ಬಂತು ಮಾರಾಯ? ಆಚೆ ಅಷ್ಟು ಹುಲ್ಲುಂಟಲ್ಲ."

ಖರ್ಚು: ಆಸ್ಪತ್ರೆಗೆ ಮುಂಗಡ ೫,೦೦೦. ಜೀಪು.

೧೩ ಸೆಪ್ಟೆಂಬರ್

ಮತ್ತೆ ಓಣಿಯಲ್ಲಿ ಲದ್ದಿ. ಹಬೆ ಆಡುತ್ತಿತ್ತು.

೧೮ ಸೆಪ್ಟೆಂಬರ್, ಸೋಮವಾರ

ಸಮಿತಿ ಸಭೆ. ಆನೆ ಓಣಿಗೆ ಬರುವುದು ಬಟ್ಯನ ಬಾಳೆಗೊನೆಯ ಆಸೆಗೆ ಎಂದು ತೀರ್ಮಾನವಾಯಿತು. ಬೇರೆ ಕಾರಣ ಯಾರಿಗೂ ಕಾಣಲಿಲ್ಲ. ಹೌದು ಎಂದು ನಾನೂ ಹೇಳಿದೆ, ನಾನು ಹೇಳಿದರೆ ಸಭೆ ಒಪ್ಪುತ್ತದೆ. ಆಸ್ಪತ್ರೆಯಲ್ಲಿ ಮಲಗಿದವನ ಪರವಾಗಿ ಅವನ ಹೆಂಡತಿ ಸೌದಾಮಿನಿ ಬಲಿಯದ ಗೊನೆಗಳನ್ನೆಲ್ಲ ತಾನೇ ಕಡಿದು ಹಾಕಿದಳು. ಓಣಿಯಲ್ಲಿ ನಾನು ಹಾದು ಹೋಗುವಾಗ ಕತ್ತಿ ನಿಲ್ಲಿಸಿ, "ಇನ್ನು ಬರ್ಲಿಕ್ಕಿಲ್ಲ ಅಲ್ವಾ ಮಾಬಲಣ್ಣ?" ಎಂದು ಕೇಳಿದಳು.

ಬರಲಿಕ್ಕಿಲ್ಲ ಎಂದೆ.

ಖರ್ಚು: ಚಹಾ.

೨೩ ಸೆಪ್ಟೆಂಬರ್, ಶನಿವಾರ

ಗೊನೆ ಕಡಿದ ರಾತ್ರಿಯೇ ಆನೆ ಬಂದಿದೆ, ನಿನ್ನೆಯೂ ಬಂದಿದೆ. ಬಾಳೆಯ ಕಡೆ ತಿರುಗಿ ಸಹ ನೋಡಿಲ್ಲ.

ಇವತ್ತು ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಂಗಳದ ತುದಿಯಲ್ಲಿ ನಿಂತು ಓಣಿಯನ್ನು ನೋಡುತ್ತಿದ್ದೆ. ಮಾಲು ಇಳಿಸುವಾಗ ಎಲ್ಲಿ ಚೀಲ ಹರಿದಿದೆ ಎಂದು ನೋಡುವ ಕಣ್ಣು ಅದು, ಬೇರೆ ಕೆಲಸಕ್ಕೆ ಬರುವಂಥದ್ದಲ್ಲ. ಓಣಿಯ ನಡುವೆ, ಎರಡು ಚಕ್ರದ ಗುರುತಿನ ಮಧ್ಯೆ, ಒಂದು ಪಟ್ಟಿ ಹುಲ್ಲು. ಬದಿಯ ಹುಲ್ಲು ಬೆರಳುದ್ದ, ಅದು ಮೊಣಕಾಲುದ್ದ. ಬದಿಯದ್ದು ಹಳದಿ, ಅದು ಕಪ್ಪು ತಿರುಗಿದ ಹಸಿರು. ನಮ್ಮ ಅಂಗಳದಿಂದ ಶುರುವಾಗಿ ಬಟ್ಯನ ತಿರುವು, ಮೋರಿ, ಕಾಡಿನ ಅಂಚಿನವರೆಗೂ ಹಾಗೇ ಇದೆ. ಪಿಕಪ್ಪು ಕುಲುಕುವ ಮೋರಿಯ ಬಳಿ, ತಿರುವಿನ ಬಳಿ, ದೊಡ್ಡ ಗುಪ್ಪೆ. ಆ ಗುಪ್ಪೆಗಳನ್ನು ಆನೆ ಬುಡದವರೆಗೆ ಮೇಯ್ದಿದೆ.

ಎರಡೂವರೆ ತಿಂಗಳು ವಾರಕ್ಕೆರಡು ಸಲ, ಡ್ರಮ್ಮಿನ ಬಾಯಿಂದ ತುಳುಕಿದ್ದೆಲ್ಲ ಅಲ್ಲಿಗೆ ಬಿದ್ದಿದೆ. ಬೆಲ್ಲ, ಹಿಂಡಿ. ಈ ಊರಿನಲ್ಲಿ ನಾನು ಅತಿ ಚೆನ್ನಾಗಿ ಗೊಬ್ಬರ ಹಾಕಿದ ಜಾಗ ಆ ಮೂರೆಕ್ರೆ ಅಲ್ಲ.

ಆ ಪಟ್ಟಿಯ ಈಚೆ ತುದಿ ನಮ್ಮ ಬಾಣಂತಿ ಕೋಣೆಯ ಕಿಟಕಿ.

೨೪ ಸೆಪ್ಟೆಂಬರ್

ಯಾರೂ ಏಳುವ ಮೊದಲು ಕತ್ತಿ ತೆಗೆದುಕೊಂಡು ಹೋಗಿ ಬಟ್ಯನ ತಿರುವಿನವರೆಗೆ ಕೊಯ್ದೆ. ಎಂತ ಮಾಡುತ್ತಿದ್ದೀರಿ ಎಂದು ಹೆಂಡತಿ ಶಂಕರಿ ಕೇಳಿದಳು. ಹಾವು ಎಂದೆ.

೨೭ ಸೆಪ್ಟೆಂಬರ್

ಚಿಗುರಿದೆ. ಕೊಯ್ದಷ್ಟು ಎಳತು, ಎಳತಾದಷ್ಟು ರುಚಿ.

೨೯ ಸೆಪ್ಟೆಂಬರ್, ಶುಕ್ರವಾರ

ಗೊಬ್ಬರ ಒಯ್ಯುವುದನ್ನು ನಿಲ್ಲಿಸಿದೆ. ಅಪ್ಪಿಗೆ ಕಾರಣ ಹೇಳಬೇಕಾಯಿತು. ಅವಳು ಕೋಲು ಹಿಡಿದು ನಿಂತೇ ಕೇಳಿದಳು. "ಮುಚ್ಚಳ ಹಾಕುವ ಅಂತ ಹುಡುಗಿ ಹೇಳಿದ್ದಳು," ಎಂದಳು ಅಷ್ಟೇ.

ನಿಲ್ಲಿಸಿದರೆ ಆಚೆಯ ಹುಲ್ಲು ಬಡವಾಗುತ್ತದೆ, ಹಸಿದರೆ ಈಚೆಗೇ ಬರುತ್ತದೆ. ಒಯ್ದರೆ ಓಣಿಯಲ್ಲಿ ಚೆಲ್ಲುತ್ತದೆ. ಒಂದು ದಾರಿ ಮಾತ್ರ: ಡ್ರಮ್ಮುಗಳನ್ನೇ ತೋಡಿನಾಚೆ ದಾಟಿಸಿ ಅಲ್ಲೇ ಕಲಸುವುದು. ಅದಕ್ಕೆ ಸಿಮೆಂಟಿನ ತೊಟ್ಟಿ, ಕಾವಲು, ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಿದರೆ ಕಾರಣ ಹೇಳಬೇಕು.

ಸಂಜೆ ಇಬ್ರಾಹಿಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಹುಡುಗಿಯನ್ನು ಕುಂಬಳೆಗೆ ಕಳಿಸು. ನಮ್ಮಲ್ಲಿ ಮೇಲಿನ ಕೋಣೆ ಖಾಲಿ ಉಂಟು, ನೋಡಿಕೊಳ್ಳಲು ನನ್ನ ಹೆಂಡತಿ ಕೈಜಮ್ಮ ಉಂಟು. ಆಸ್ಪತ್ರೆಗೆ ಹತ್ತಿರ. ಮೀನು ಬೇಡದಿದ್ದರೆ ಬೇರೆ ಒಲೆ ಇಡುವ."

ಶಂಕರಿ ಕೇಳಲೇ ಇಲ್ಲ. "ತುಂಬಿದ ತಿಂಗಳಲ್ಲಿ ಹುಡುಗಿಯನ್ನು ಮನೆ ಬದಲಿಸುವುದಾ? ಅವಳ ಅತ್ತೆಗೆ ಎಂತ ಹೇಳುವುದು? ತವರಿನಲ್ಲಿ ಜಾಗ ಇರಲಿಲ್ಲ ಅಂತಲಾ?" ಮತ್ತೆ, "ಆನೆ ಮೂರು ವರ್ಷದಿಂದ ಉಂಟು. ನೀವು ಈಗ ಎಂತಕ್ಕೆ ಇಷ್ಟು ಹೆದರುವುದು?"

ಇಪ್ಪತ್ತೆಂಟು ವರ್ಷದಲ್ಲಿ ಶಂಕರಿಯ ಪ್ರಶ್ನೆಗೆ ನನ್ನ ಬಾಯಿ ಕಟ್ಟಿದ್ದು ನೆನಪಿಲ್ಲ.

೪ ಅಕ್ಟೋಬರ್, ಬುಧವಾರ

ಹೊತ್ತು ಮುಳುಗುವಾಗ ಬಂದ. ನಾಯಿ ಬೊಗಳಲಿಲ್ಲ, ಮಂಚದ ಅಡಿಗೆ ನುಸುಳಿತು. ಆನೆ ಎಂದು ಆಗಲೇ ಗೊತ್ತಾಯಿತು. ಬಚ್ಚಲಿನ ಗೋಡೆಗೆ ಮೈ ಒರಗಿಸಿ ಒಂದು ಡ್ರಮ್ಮಿನ ಗೋಣಿ ತೆಗೆದ. ಗೋಡೆ ಹಪ್ಪಳ ಮುರಿದ ಹಾಗೆ ಬಿತ್ತು. ಎಡದಂತ ಗಿಡ್ಡ. ಹೀರುವ ಸದ್ದು ಕೇಳುತ್ತಿತ್ತು, ದೊಡ್ಡ ಸಂಸಾರವೊಂದು ಗಂಜಿ ಉಣ್ಣುವ ಹಾಗೆ.

ಮೋಕ್ಷಿತಾ ಕಿಟಕಿಯ ಈಚೆ ಇದ್ದಳು. ಕೂಗಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟು ಗೋಡೆಗೆ ಅಂಟಿ ನಿಂತಿದ್ದಳು. ನಾನು ನೆಲದ ಮೇಲೆ ತೆವಳಿ ಹೋಗಿ ಅವಳ ಕಾಲು ಹಿಡಿದುಕೊಂಡೆ. ಧೈರ್ಯ ಹೇಳಲಿಕ್ಕೆ ಹೋದವನು ಕಾಲು ಹಿಡಿದುಕೊಂಡೆ.

ಖಾಲಿ ಡ್ರಮ್ಮನ್ನು ತುಳಿದು ಚಪ್ಪಟೆ ಮಾಡಿ ಅವನು ಹೋದ ಮೇಲೆ ಅವಳು ಮೆಲ್ಲ ಕೇಳಿದಳು: "ಅಪ್ಪ, ಅದಕ್ಕೆ ದಾರಿ ಹೇಗೆ ಗೊತ್ತಾಯ್ತು?"

ಹೇಳಿದೆ. ಶಂಕರಿಯೂ ಅಲ್ಲೇ ಇದ್ದಳು. ಅವಳು ದೀಪ ಹಚ್ಚಲು ಹೋದಳು. ಆಮೇಲೆ ಮಾತಾಡಲಿಲ್ಲ.

೮ ಅಕ್ಟೋಬರ್, ಭಾನುವಾರ

ಬಟ್ಯನ ಮನೆಗೆ ಹೋದೆ. ಜಗಲಿಯಲ್ಲಿ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. ಇಡೀ ದಿನ ಅಲ್ಲೇ ಕೂರುತ್ತಾನಂತೆ, ಓಣಿ ನೋಡುತ್ತ.

ಪೇಟೆಯ ಮಾತು, ಹಾಲಿನ ದರ ಎಂದು ಸುತ್ತು ಹಾಕಿ ಕೊನೆಗೆ ಹುಲ್ಲಿನ ವಿಷಯಕ್ಕೆ ಬಂದೆ. ಅವನು ಕುತ್ತಿಗೆ ಚಾಚಿ ಓಣಿಯ ನಡುವಿನ ಪಟ್ಟಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಸ್ಪತ್ರೆಯಿಂದ ಬಂದಾಗಿನಿಂದ ಅದನ್ನೇ ನೋಡುತ್ತ ಕೂತಿದ್ದಾನೆ, ಪಾಪ.

"ನನ್ನ ಬಾಳೆಗೊನೆ ಕಡಿಸಿದ್ದು?"

"ಆಗ ನನಗೆ ಗೊತ್ತಿರಲಿಲ್ಲ ಬಟ್ಯ."

"ಗೊತ್ತಾಗಿ ಎಷ್ಟು ದಿನ ಆಯ್ತು?"

ನಾನು ಹೇಳಿದೆ. ಅವನು ಸೌದಾಮಿನಿಯನ್ನು ಕರೆದು, "ಇವನಿಗೆ ಚಹಾ ಬೇಡ," ಎಂದ.

೧೦ ಅಕ್ಟೋಬರ್, ಮಂಗಳವಾರ

ಸಮಿತಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ತೊಟ್ಟಿ ನನ್ನ ಖರ್ಚಿನಲ್ಲಿ ಎಂದೆ. ಭಾನುವಾರ ಪಿಕಪ್ಪು ತಂದು ಉಳಿದ ಡ್ರಮ್ಮು ಸಾಗಿಸುವುದೆಂದು, ಆಮೇಲೆ ಇಬ್ರಾಹಿಂ ಮೋಕ್ಷಿತಾಳನ್ನು ಕುಂಬಳೆಗೆ ಕರೆದೊಯ್ಯುವುದೆಂದು ಆಯಿತು. ಈ ಸಲ ಶಂಕರಿ ಬೇಡ ಎನ್ನಲಿಲ್ಲ. ಚೀಲ ಕಟ್ಟತೊಡಗಿದಳು.

೧೨ ಅಕ್ಟೋಬರ್

ಮೋರಿಯ ಬಳಿ ಇದ್ದಾನೆ.

೧೩ ಅಕ್ಟೋಬರ್

ಇದ್ದಾನೆ.

೧೬ ಅಕ್ಟೋಬರ್, ಸೋಮವಾರ. ಕಾಸರಗೋಡು, ಆಸ್ಪತ್ರೆಯ ಹೊರಗಿನ ಬೆಂಚು

ಈಗ ಕೂತು ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಕಳೆದ ಮೇಲೆ ಇಬ್ರಾಹಿಂ ಬಂದ. ಡ್ರಮ್ಮುಗಳಿಗೆ ಹೊಸ ಮುಚ್ಚಳ ಸಹ ತಂದಿದ್ದ. ನಾನೂ ಅಪ್ಪಿಯೂ ಮೊದಲ ಡ್ರಮ್ಮಿಗೆ ಹಗ್ಗ ಹಾಕುತ್ತಿದ್ದೆವು. ಒಳಗಿನಿಂದ ಶಂಕರಿ ಕೂಗಿದಳು. ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಮೋಕ್ಷಿತಾಗೆ ನೋವು ಶುರುವಾಗಿ ನೀರು ಹೋಗಿತ್ತು.

ಇಬ್ರಾಹಿಂ ಪಿಕಪ್ಪಿನ ಹಿಂದೆ ಹಾಸಿಗೆ ಹಾಕಿದ. ಸ್ಟಾರ್ಟ್ ಮಾಡುವ ಮೊದಲು ನಾನು ಓಣಿಗೆ ಇಣುಕಿದೆ. ತಿರುವಿನ ಆಚೆ ಕಾಣುವುದಿಲ್ಲ. ಕೊಂಬೆ ಮುರಿದ ಸದ್ದು ಮಾತ್ರ ಕೇಳಿತು. ನಮ್ಮ ಮನೆಗೆ ಬೇರೆ ದಾರಿ ಇಲ್ಲ. ಒಂದು ಕಾಲುದಾರಿ ತೋಡಿಗೆ ಇಳಿಯುತ್ತದೆ, ಅದರಲ್ಲಿ ನೋವಿನ ಹುಡುಗಿ ನಡೆಯಲಿಕ್ಕಿಲ್ಲ.

ಆ ತಿರುವು ಕಾಣುವುದು ಬಟ್ಯನ ಜಗಲಿಗೆ. ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಬೇಕಾದ ಕಾರಣವೂ ಇರಲಿಲ್ಲ. ಇನ್ನೊಮ್ಮೆ ಮಾಡಿದೆ. ಒಳಗೆ ಮೋಕ್ಷಿತಾ ನರಳುವುದು ಕೇಳುತ್ತಿತ್ತು, ಕೈಯಲ್ಲಿ ಫೋನು ರಿಂಗ್ ಆಗುತ್ತಲೇ ಇತ್ತು.

"ಹೇಳು."

"ಬಟ್ಯ, ಹುಡುಗಿಗೆ ನೋವು ಬಂದಿದೆ. ಅವನು ಎಲ್ಲಿದ್ದಾನೆ?"

"ನನ್ನ ಬೇಲಿಯ ಹತ್ತಿರ. ಓಣಿಯ ನಡುವೆ. ಹುಲ್ಲು ತಿಂತಾ ಇದ್ದಾನೆ. ನಿನ್ನ ಹುಲ್ಲು."

ಅವನೇ ಮುಂದುವರಿಸಿದ. "ಪಿಕಪ್ಪು ಈಗ ಬಿಡ್ಬೇಡ. ಅವನಿಗೆ ಬೇರೆ ಎಂತದಾದ್ರೂ ತೋರಿಸು. ಡ್ರಮ್ಮು ಉಂಟಾ?"

"ಉಂಟು."

"ತೋಡಿನ ಬದಿ ಹೊರಳಿಸು. ಗಾಳಿ ನಿನ್ನ ಕಡೆಯಿಂದ ಇತ್ತ ಬರ್ತಾ ಉಂಟು. ಮೂಗಿಗೆ ಬೀಳ್ತದೆ."

"ತೋಡಿಗೆ ಹೋಗ್ಲಿಕ್ಕೆ ಅವನು ನಿನ್ನ ತೋಟದಲ್ಲೇ ಇಳೀಬೇಕು ಬಟ್ಯ. ಬಾಳೆ ಎಲ್ಲ..."

"ಗೊನೆ ಇಲ್ಲದ ಬಾಳೆ ಎಂತಕ್ಕೆ ಮಾರಾಯ? ಬೇಗ ಮಾಡು."

ಫೋನನ್ನು ಹಾಗೇ ಇಬ್ರಾಹಿಮನ ಕೈಗೆ ಕೊಟ್ಟೆ. ಬಟ್ಯ ಹೇಳಿದಾಗ ಹೊರಡು, ನನ್ನನ್ನು ಕಾಯಬೇಡ ಎಂದೆ. ಅಪ್ಪಿಯೂ ನಾನೂ ಎರಡು ತುಂಬಿದ ಡ್ರಮ್ಮುಗಳನ್ನು ಅಡ್ಡ ಹಾಕಿ ಕಾಲುದಾರಿಯಲ್ಲಿ ಉರುಳಿಸಿದೆವು. ಗೋಣಿ ಕಿತ್ತು ಹೋಯಿತು. ಬೆಲ್ಲದ ಹುಳಿವಾಸನೆ ಗುಡ್ಡೆ ತುಂಬ. ಮೊದಲನೆಯದು ಕಲ್ಲಿಗೆ ಬಡಿದು ಒಡೆಯಿತು. ಎರಡನೆಯದರ ಹಿಂದೆ ನಾವು ಓಡಿದೆವು, ತೋಡಿನ ತನಕ ಹೋಗದೆ ನಡುವೆ ನಿಂತರೆ ಅವನು ನಮ್ಮ ಅಂಗಳಕ್ಕೇ ತಿರುಗಬಹುದೆಂಬ ಹೆದರಿಕೆ. ಅದು ತೋಡಿನ ದಂಡೆಗೆ ಬಡಿದು ಒಡೆಯಿತು. ಅಲ್ಲೇ ನಾನು ಜಾರಿ ಬಿದ್ದೆ. ಅಂಗಿ ಮುಂಡು ತಲೆ ಎಲ್ಲ ಗೊಬ್ಬರ.

ಏಳುವಷ್ಟರಲ್ಲಿ ಬಟ್ಯನ ಬಾಳೆಗಳು ಒಂದೊಂದಾಗಿ ಮಲಗುವುದು ಕೇಳಿತು.

ತೋಡಿನ ಬದಿಯ ಬಂಡೆಯ ಹಿಂದೆ ಅಪ್ಪಿ ನನ್ನನ್ನು ಎಳೆದುಕೊಂಡಳು. ಅವನು ಇಳಿದು ಬಂದ. ಓಡಲಿಲ್ಲ, ಸಾವಕಾಶ ಬಂದ, ಸೊಸೈಟಿಗೆ ಹೋಗುವವನ ಹಾಗೆ. ನಮಗೂ ಅವನಿಗೂ ನಡುವೆ ಒಂದು ಬಂಡೆ. ಸೊಂಡಿಲು ಒಡೆದ ಡ್ರಮ್ಮನ್ನು ಮುಟ್ಟಿತು, ನೆಲವನ್ನು ಮುಟ್ಟಿತು, ಆಮೇಲೆ ಬಂಡೆಯ ಮೇಲಿನಿಂದ ಬಂದು ನನ್ನ ತಲೆಯ ಮೇಲೆ ನಿಂತಿತು. ನನ್ನ ಮೈಯೆಲ್ಲ ಅದೇ ವಾಸನೆ. ಅವನು ಮೂಸಿದ. ಬಿಸಿ ಗಾಳಿ ಕುತ್ತಿಗೆಗೆ ತಾಗಿತು. ಒದ್ದೆಯಾದದ್ದು ಗೊಬ್ಬರದಿಂದ ಮಾತ್ರವಲ್ಲ. ಇದು ನನ್ನದೇ ಡೈರಿ, ಬರೆಯಬಹುದು.

ಮೇಲೆ ಓಣಿಯಲ್ಲಿ ಪಿಕಪ್ಪು ಸ್ಟಾರ್ಟ್ ಆದದ್ದು ಕೇಳಿತು. ಅವನ ಕಿವಿ ಅತ್ತ ತಿರುಗಿತು. ಹೋಗಬೇಡ, ಹೋಗಬೇಡ ಎಂದು ನಾನು ಬಾಯಿ ಮುಚ್ಚಿಕೊಂಡು ಹೇಳುತ್ತಿದ್ದೆ, ಇಲ್ಲೇ ಇರು, ನನ್ನ ಹತ್ತಿರವೇ ಇರು. ಪಿಕಪ್ಪು ತಿರುವಿನಲ್ಲಿ ಗೇರು ಬದಲಿಸಿತು, ಮೋರಿ ಹತ್ತಿತು, ಸದ್ದು ಸಣ್ಣದಾಯಿತು. ಅವನು ಸೊಂಡಿಲು ತೆಗೆದು ಡ್ರಮ್ಮಿನೊಳಗೆ ಹಾಕಿದ.

ಕತ್ತಲಾಗುವ ತನಕ ಕುಡಿದ. ಕೊನೆಗೆ ತೋಡು ದಾಟಿ ಆಚೆಯ ಹುಲ್ಲಿಗೆ ಹೋದ. ಅಪ್ಪಿ ಆಗ ಉಸಿರು ಬಿಟ್ಟಳು. "ಇಷ್ಟು ಹೊತ್ತು ಮಾತಾಡದೆ ಇದ್ರಲ್ಲ ಅಣ್ಣ. ನಾನು ಕೂಲಿಗೆ ಬಂದ ಮೇಲೆ ಇವತ್ತೇ ಮೊದಲು."

ಮೇಲೆ ಬರುವಾಗ ಬಟ್ಯನ ತೋಟದ ಮೂಲಕವೇ ಬಂದೆವು. ನಿಂತ ಬಾಳೆ ಒಂದೂ ಇರಲಿಲ್ಲ. ಅವನು ಜಗಲಿಯಲ್ಲಿ ಹಾಗೇ ಕೂತಿದ್ದ, ಕಾಲು ಸ್ಟೂಲಿನ ಮೇಲೆ.

"ಮೋರಿ ದಾಟಿ ಹೋಯ್ತು. ನಾನು ನೋಡಿದೆ," ಎಂದ. ಸೌದಾಮಿನಿ ನನಗೆ ಮೈ ತೊಳೆಯಲು ನೀರು ಕೊಟ್ಟಳು. ಚಹಾ ಕೊಡಲಿಲ್ಲ.

ನಾನು ಇಲ್ಲಿ ಮುಟ್ಟಿದ್ದು ಇವತ್ತು ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ. ನಾನಿಲ್ಲದೆ ಎಲ್ಲ ಆಗಿತ್ತು. ಹೆಣ್ಣು ಮಗು. ಬಾಗಿಲಲ್ಲಿ ಕೈಜಮ್ಮ ಫ್ಲಾಸ್ಕು ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮೂಗಿಗೆ ಸೆರಗು ಹಿಡಿದು, "ಒಳಗೆ ಬರುವ ಮೊದಲು ಒಮ್ಮೆ ಮಿಂದು ಬನ್ನಿ," ಎಂದಳು. ಆದ್ದರಿಂದ ಈ ಬೆಂಚು.

೨೮ ಅಕ್ಟೋಬರ್, ಶನಿವಾರ

ತೊಟ್ಟಿ ಆಯಿತು, ತೋಡಿನ ಆಚೆ. ಸಿಮೆಂಟಿನ ಮುಚ್ಚಳ ಹಾಕಿಸಿದೆ, ಗ್ಯಾಸಿಗೆ ಸಣ್ಣ ಪೈಪು ಬಿಟ್ಟು. ಅಲ್ಲಿ ಕೆಲಸಕ್ಕೆ ಅಪ್ಪಿ. ಸಂಜೆ ನಾಲ್ಕರ ಮೇಲೆ ನಿಲ್ಲುವುದಿಲ್ಲ ಎಂದು ಶರತ್ತು ಹಾಕಿದಳು. ಒಪ್ಪಿದೆ.

ಮನೆಯಲ್ಲಿ ಈಗ ಆ ವಾಸನೆ ಇಲ್ಲ. ಆದರೂ ಸಂಜೆಯಾದರೆ ನಾಯಿಯನ್ನು ನೋಡುತ್ತೇನೆ. ಅದು ಅಂಗಳದಲ್ಲಿ ಮಲಗಿದ್ದರೆ ನಾನು ಉಣ್ಣುತ್ತೇನೆ.

೫ ನವೆಂಬರ್, ಭಾನುವಾರ
(ಖರ್ಚು ಮೊದಲ ಪುಟದಲ್ಲಿದೆ. ಇದು ಬಂದದ್ದರ ಲೆಕ್ಕ.)

ಆನೆಗೆ: ಮೂರು ಡ್ರಮ್ಮು ಬೆಲ್ಲದ ನೀರು, ಬಟ್ಯನ ಬಾಳೆ, ಮೂರೆಕ್ರೆ ಹುಲ್ಲು. ಈಗ ಆಚೆಯೇ ಇದ್ದಾನೆ ಎಂದು ಅಪ್ಪಿ ಹೇಳುತ್ತಾಳೆ.

ಫಾರೆಸ್ಟರಿಗೆ: ಫೋಟೊ.

ಅಪ್ಪಿಗೆ: ಖಾಯಂ ಕೂಲಿ. ಬಾವಿಯ ನೀರು ಹಾಗೇ ಇದೆ.

ಇಬ್ರಾಹಿಮನಿಗೆ: ಪಿಕಪ್ಪಿನ ಹಾಸಿಗೆ ತೊಳೆಯುವ ಕೆಲಸ. ಮಗು ನೋಡಲು ಬಂದು, ತಾನೇ ಹೆತ್ತವನ ಹಾಗೆ ಎಲ್ಲರಿಗೂ ಕಥೆ ಹೇಳಿ ಹೋದ.

ಶಂಕರಿಗೆ: ಮೊಮ್ಮಗಳು. ಮೊನ್ನೆಯಿಂದ ನನ್ನ ಹತ್ತಿರ ಮಾತಾಡುತ್ತಾಳೆ, ಮಗುವಿನ ಮೂಲಕ.

ಮೋಕ್ಷಿತಾಗೆ: ಮಗಳು, ಎರಡೂಮುಕ್ಕಾಲು ಕಿಲೊ. ಕಿಟಕಿ ತೆರೆದಿಟ್ಟು ಮಲಗಲು ಅವಳಿಗೆ ಇನ್ನೂ ಆಗುವುದಿಲ್ಲ.

ಬಟ್ಯನಿಗೆ: ಊರುಗೋಲು. ಬಾಳೆಕಂದು ನಾನು ತಂದು ಕೊಟ್ಟದ್ದು. ಇದು ಸಾಲದೆಂದು ನನಗೂ ಗೊತ್ತು, ಅವನಿಗೂ ಗೊತ್ತು.

ನನಗೆ: ಓಣಿಯ ಹುಲ್ಲು. ಬೇರು ಕಿತ್ತರೂ ಬರುತ್ತದೆ. ಒಂದೆರಡು ಮಳೆಗಾಲ ಹೀಗೇ ಬರುತ್ತದಂತೆ. ದಿನಾ ಬೆಳಿಗ್ಗೆ ಮನೆಯಿಂದ ಮೋರಿಯವರೆಗೆ ಕೊಯ್ದು ಬಟ್ಯನ ಹಟ್ಟಿಯ ದನಗಳಿಗೆ ಹಾಕಿ ಬರುತ್ತೇನೆ. ಅವನು ಜಗಲಿಯಲ್ಲಿ ಕೂತು ನೋಡುತ್ತಾನೆ, ಮಾತಾಡುವುದಿಲ್ಲ. ಇವತ್ತು ಊರುಗೋಲು ಎತ್ತಿ, ತಿರುವಿನಲ್ಲಿ ನಾನು ಕೊಯ್ಯದೆ ಬಿಟ್ಟಿದ್ದ ಒಂದು ಗುಪ್ಪೆಯನ್ನು ತೋರಿಸಿದ.